ಟೆರೇಸಿನ ಕುಂಡಗಳಿಗೆ ಟೈಮರ್ ಇಟ್ಟು ಹನಿ ನೀರಾವರಿ ಮಾಡಬೇಕು. ಯಾವ ಟೈಮರ್ ತಗೊಳ್ಳಲಿ? ಆಮೇಲೆ ನಿರ್ವಹಣೆ ಎಷ್ಟಿರುತ್ತೆ?

ಟೆರೇಸಿನಲ್ಲಿ ಮೂವತ್ತು ಕುಂಡ ಇವೆ, ನೀರು ಓವರ್‌ಹೆಡ್ ಟ್ಯಾಂಕಿನಿಂದ ಬರುತ್ತೆ, ಆಗಾಗ ವಾರಗಟ್ಟಲೆ ಮನೆಯಲ್ಲಿ ಇರೋದಿಲ್ಲ ಅಂತ ಬರೆದಿದ್ದೀರಿ. ನಾನು ಕುಂಡದ ಗಿಡಗಳಿಗೆ ಡ್ರಿಪ್ ಹಾಕಿ ಹಲವು ವರ್ಷಗಳಾದವು, ಆ ಅನುಭವದಿಂದ ಹೇಳ್ತೀನಿ. ಟೈಮರ್ ವಿಷಯ ಆಮೇಲೆ. ಮೊದಲು ಟ್ಯಾಂಕಿನ ತಳ ಕುಂಡಗಳಿಗಿಂತ ಎಷ್ಟು ಎತ್ತರದಲ್ಲಿದೆ ಅಂತ ಅಳೆಯಿರಿ. ಯಾವ ಟೈಮರ್, ಯಾವ ಡ್ರಿಪ್ಪರ್ (ಕುಂಡಕ್ಕೆ ಹನಿಹನಿಯಾಗಿ ನೀರು ಬಿಡುವ ಪುಟ್ಟ ಬಿಡಿಭಾಗ) ಅನ್ನೋದೆಲ್ಲ ಆ ಒಂದು ಅಳತೆಯ ಮೇಲೆ ನಿಂತಿದೆ.

ನೀರಿನ ಮಟ್ಟ 10 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 1 ಬಾರ್ (ಒತ್ತಡ ಅಳೆಯುವ ಮಾನ) ಒತ್ತಡ ಸಿಗುತ್ತೆ. ಟ್ಯಾಂಕ್ ಬರೀ 2 ಮೀಟರ್ ಮೇಲಿದ್ದರೆ ಸಿಗೋದು 0.2 ಬಾರ್. ಡ್ರಿಪ್ಪರ್ ಮೇಲೆ 'ಗಂಟೆಗೆ 4 ಲೀಟರ್' ಅಂತ ಇದ್ದರೆ ಅದು ಸಾಮಾನ್ಯವಾಗಿ 1 ಬಾರ್ ಲೆಕ್ಕದ್ದು. 0.2 ಬಾರ್‌ನಲ್ಲಿ ಅದರ ಅರ್ಧದಷ್ಟೂ ಬರೋದಿಲ್ಲ. ಅಷ್ಟು ಬಂದರೂ ಗಿಡಕ್ಕೆ ಸಾಕು, ಸಮಯ ಹೆಚ್ಚು ಕೊಟ್ಟರಾಯಿತು. ನಿಜವಾದ ತೊಂದರೆ ಇರೋದು ವಾಲ್ವ್‌ನಲ್ಲಿ. ಟ್ಯಾಪಿಗೆ ಸಿಕ್ಕಿಸುವ ಬ್ಯಾಟರಿ ಟೈಮರ್‌ಗಳಲ್ಲಿ ಎರಡು ಜಾತಿ. ಒಂದರೊಳಗೆ ಸೊಲೆನಾಯ್ಡ್ ವಾಲ್ವ್, ಅಂದರೆ ವಿದ್ಯುತ್ ಅಯಸ್ಕಾಂತದಿಂದ ನಡೆಯುವ ವಾಲ್ವ್ ಇರುತ್ತೆ. ಅದರ ರಬ್ಬರ್ ಪೊರೆ ಸರಿಯಾಗಿ ತೆರೆದು ಮುಚ್ಚಬೇಕಾದರೆ ನೀರಿನ ಒತ್ತಡವೇ ಬೇಕು, ಒತ್ತಡ ಕಡಿಮೆಯಾದರೆ ಅರೆಬರೆ ತೆರೆಯುತ್ತೆ ಅಥವಾ ಪೂರ್ತಿ ಮುಚ್ಚೋದಿಲ್ಲ. ಇನ್ನೊಂದರಲ್ಲಿ ಪುಟ್ಟ ಮೋಟಾರು ಬಾಲ್ ವಾಲ್ವ್ (ಒಳಗೆ ತೂತಿರುವ ಗುಂಡು ತಿರುಗಿ ನೀರು ಬಿಡುವ ವಾಲ್ವ್) ತಿರುಗಿಸುತ್ತೆ, ಅದಕ್ಕೆ ಒತ್ತಡದ ಹಂಗಿಲ್ಲ. ಟ್ಯಾಂಕಿನಿಂದ ನೀರು ಕೊಡೋರು ಕಣ್ಣುಮುಚ್ಚಿ ಈ ಎರಡನೆಯದನ್ನೇ ತಗೊಳ್ಳಿ. ಡಬ್ಬದ ಮೇಲೆ ಕನಿಷ್ಠ ಒತ್ತಡ ಸೊನ್ನೆ ಅಂತ ಇದೆಯಾ ನೋಡಿ. ಇದೇ ಕಾರಣಕ್ಕೆ, ಒತ್ತಡ ಏರಿಳಿದರೂ ಒಂದೇ ಸಮ ನೀರು ಕೊಡುವ 'ಪ್ರೆಶರ್ ಕಾಂಪೆನ್ಸೇಟಿಂಗ್' ಡ್ರಿಪ್ಪರ್ ನಿಮಗೆ ಬೇಡ, ಇಷ್ಟು ಕಡಿಮೆ ಒತ್ತಡದಲ್ಲಿ ಅದು ತನ್ನ ಕೆಲಸ ಮಾಡೋದಿಲ್ಲ. ಸಾಮಾನ್ಯ ಡ್ರಿಪ್ಪರ್ ಸಾಕು.

ಪಂಪಿನಿಂದ ಅಥವಾ ನೇರ ನಲ್ಲಿಯಿಂದ ಕೊಡೋರಿಗೆ ಲೆಕ್ಕ ಉಲ್ಟಾ. ಅಲ್ಲಿ ಒತ್ತಡ ಜಾಸ್ತಿಯಾಗಿ ಜೋಡಣೆಗಳು ಕಿತ್ತು ಬರುತ್ತವೆ, ಹಾಗಾಗಿ 1ರಿಂದ 1.5 ಬಾರ್‌ಗೆ ಇಳಿಸುವ ರೆಗ್ಯುಲೇಟರ್ ಬೇಕು. ಕುಡಿಯುವ ನೀರಿನ ಲೈನೇ ಆಗಿದ್ದರೆ ಕುಂಡದ ನೀರು ವಾಪಸ್ ಎಳೆದುಕೊಳ್ಳದ ಹಾಗೆ ತಡೆವಾಲ್ವ್ ಹಾಕಲೇಬೇಕು. ಇದರಲ್ಲಿ ರಾಜಿ ಬೇಡ.

ಜೋಡಣೆ ಕಷ್ಟವಲ್ಲ. ಕೈಯಲ್ಲಿ ಮುಚ್ಚುವ ಒಂದು ವಾಲ್ವ್, ಫಿಲ್ಟರ್, ಟೈಮರ್, ಅಲ್ಲಿಂದ 16 ಮಿ.ಮೀ. ಕಪ್ಪು ಪೈಪು, ಅದರಿಂದ ಪ್ರತಿ ಕುಂಡಕ್ಕೆ 4 ಮಿ.ಮೀ. ಸಣ್ಣ ಟ್ಯೂಬು, ತುದಿಯಲ್ಲಿ ಡ್ರಿಪ್ಪರ್. ಫಿಲ್ಟರ್ 120 ಮೆಶ್ (ಜಾಲರಿ ಎಷ್ಟು ನಯ ಅನ್ನೋ ಅಂಕಿ) ಅಥವಾ ಅದಕ್ಕಿಂತ ನಯವಾದದ್ದಿರಲಿ, ಬಗ್ಗಿ ಹುಡುಕದೆ ಕೈಗೆ ಸಿಗುವ ಕಡೆ ಇರಲಿ. ಕಷ್ಟದ ಜಾಗದಲ್ಲಿರೋ ಫಿಲ್ಟರನ್ನ ಯಾರೂ ತೊಳೆಯೋದಿಲ್ಲ. ಪೈಪಿಗೆ ತೂತು ಮಾಡಲು ಅದರದ್ದೇ ಪಂಚ್ ಬಳಸಿ. ಮೊಳೆಯಲ್ಲಿ ಚುಚ್ಚಿದರೆ ಅಂಚು ಹರಿದು ಸದಾ ಜಿನುಗುತ್ತೆ. ಟ್ಯೂಬು ಜೋಡಣೆಯೊಳಗೆ ಹೋಗದೆ ಸತಾಯಿಸಿದರೆ ತುದಿಯನ್ನು ಬಿಸಿನೀರಲ್ಲಿ ಅದ್ದಿ, ಮೆತ್ತಗಾಗಿ ತಾನೇ ಕೂರುತ್ತೆ. ಕಡಿಮೆ ಒತ್ತಡದಲ್ಲಿ ದೊಡ್ಡ ಪೈಪನ್ನು ಒಂದು ಕಡೆ ಕೊನೆಗೊಳಿಸೋ ಬದಲು ಸುತ್ತಿ ತಂದು ಶುರುವಿನ ಹತ್ತಿರ ಟೀ (T ಆಕಾರದ ಮೂರು ಬಾಯಿಯ ಜೋಡಣೆ) ಹಾಕಿ ಸೇರಿಸಿ. ಎರಡೂ ಕಡೆಯಿಂದ ನೀರು ಬರೋದರಿಂದ ದೂರದ ಕುಂಡಕ್ಕೂ ಪಾಲು ಸಿಗುತ್ತೆ. ಆದರೆ ಸುತ್ತಿನ ನಡುವೆ ಎಲ್ಲಾದರೂ ತಗ್ಗಿನಲ್ಲಿ ಇನ್ನೊಂದು ಟೀ ಹಾಕಿ, ಬಿಚ್ಚಿ ತೊಳೆಯಲು ಅದರ ಬಾಯಿಗೆ ಒಂದು ಎಂಡ್ ಕ್ಯಾಪ್ (ಮುಚ್ಚಳ) ಬಿಡಿ.

ಎಲ್ಲ ಕುಂಡಕ್ಕೂ ಒಂದೇ ಟೈಮರ್, ಆದರೆ ಎಲ್ಲ ಗಿಡದ ಬಾಯಾರಿಕೆ ಒಂದೇ ಅಲ್ಲ. ಒಂದೊಂದು ಕುಂಡಕ್ಕೆ ಬೇರೆ ಬೇರೆ ಸಮಯ ಇಡೋಕೆ ಆಗಲ್ಲ, ಡ್ರಿಪ್ಪರ್ ಎಷ್ಟು ಅನ್ನೋದನ್ನ ಬದಲಿಸಬಹುದು. ದೊಡ್ಡ ಕುಂಡದ ಟೊಮೆಟೊಗೆ ಎರಡು, ಚಿಕ್ಕ ಹೂಗಿಡಕ್ಕೆ ಒಂದು. ಕಳ್ಳಿ ಜಾತಿಯವನ್ನು ಡ್ರಿಪ್ ಲೈನಿನಿಂದ ಹೊರಗೇ ಇಡಿ, ವಾರಗಟ್ಟಲೆ ನೀರಿಲ್ಲದೆ ಇರ್ತವೆ.

ಈಗ ನನ್ನ ಪ್ರಕಾರ ಇಡೀ ಕೆಲಸದ ಮುಖ್ಯ ಭಾಗ. ಲೈನು ತೆರೆದು, ನೀರು ಎಲ್ಲ ಕಡೆ ತೊಟ್ಟಿಕ್ಕೋಕೆ ಶುರುವಾದ ಮೇಲೆ ಹತ್ತಿರದ ಒಂದು, ದೂರದ ಒಂದು, ಎತ್ತರದ ಒಂದು, ಹೀಗೆ ನಾಲ್ಕಾರು ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಆರು ನಿಮಿಷ ಬಿಡಿ. ಆರು ನಿಮಿಷ ಅಂದರೆ ಗಂಟೆಯ ಹತ್ತನೇ ಒಂದು ಭಾಗ. ಲೋಟದಲ್ಲಿ 150 ಮಿ.ಲೀ. ಬಿದ್ದಿದ್ದರೆ ಆ ಡ್ರಿಪ್ಪರ್ ಗಂಟೆಗೆ ಒಂದೂವರೆ ಲೀಟರ್ ಕೊಡ್ತಿದೆ. ಡಬ್ಬದ ಮೇಲಿನ ಅಂಕಿ ಬಿಡಿ, ಟೈಮರ್‌ಗೆ ಈ ಅಂಕಿಯೇ ಆಧಾರ. ಒಂದು ಲೋಟದಲ್ಲಿ 150, ಇನ್ನೊಂದರಲ್ಲಿ 60 ಇದ್ದರೆ ಮುಂದಕ್ಕೆ ಹೋಗಬೇಡಿ. ಸಣ್ಣ ಟ್ಯೂಬು ಎಲ್ಲೋ ಮಡಚಿದೆ, ಇಲ್ಲವೇ ತೀರಾ ಉದ್ದ ಆಗಿದೆ, ಇಲ್ಲವೇ ಆ ಕುಂಡ ಮಿಕ್ಕವಕ್ಕಿಂತ ಮೇಲೆ ಕೂತಿದೆ. 0.2 ಬಾರ್‌ನಲ್ಲಿ ಅರ್ಧ ಮೀಟರ್ ಎತ್ತರವೂ ಕಾಲು ಭಾಗ ಒತ್ತಡವನ್ನು ತಿಂದುಹಾಕುತ್ತೆ. ಈ ಲೋಟಗಳ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಟೈಮರ್ ಹತ್ತಿರ ಅಂಟಿಸಿಡಿ, ಮುಂದೆ ಮತ್ತೆ ಅಳೆದಾಗ ಯಾವ ಡ್ರಿಪ್ಪರ್ ಕಟ್ಟಿಕೊಂಡಿದೆ ಅಂತ ಪತ್ತೆಯಾಗೋದು ಇದರಿಂದಲೇ.

ಎಷ್ಟು ಹೊತ್ತು ಬಿಡಬೇಕು ಅನ್ನೋದಕ್ಕೆ ಕುಂಡದ ತಳವನ್ನು ನೋಡಿ. ತಳದ ತೂತಿನಿಂದ ನೀರು ಆಗತಾನೇ ಇಣುಕಿದಾಗ ನಿಲ್ಲಬೇಕು. ಒಂದು ಎಚ್ಚರಿಕೆ: ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ ಮಣ್ಣು ಪೂರ್ತಿ ಒಣಗಿದ್ದರೆ ನೀರನ್ನು ಸುಲಭಕ್ಕೆ ಹೀರೋದಿಲ್ಲ. ಕುಂಡದ ಗೋಡೆಗೂ ಮಣ್ಣಿಗೂ ನಡುವೆ ಬಿಟ್ಟ ಸಂದಿಯಲ್ಲಿ ಹರಿದು ಕೆಳಗೆ ಬಂದುಬಿಡುತ್ತೆ, ನೋಡಿದವರಿಗೆ ಗಿಡಕ್ಕೆ ಸಾಕಾಯಿತು ಅನ್ನಿಸುತ್ತೆ. ಬೆರಳು ಒಳಗೆ ಹಾಕಿ ನೋಡಿದರೆ ಬೇರಿನ ಸುತ್ತ ಧೂಳು. ಹಾಗಾಗಿ ಮೊದಲ ದಿನ ಕೈಯಿಂದಲೇ ನಿಧಾನಕ್ಕೆ ಪೂರ್ತಿ ನೆನೆಸಿ, ಆಮೇಲೆ ಡ್ರಿಪ್‌ಗೆ ಒಪ್ಪಿಸಿ. ಒಂದೇ ಸಲ ಇಪ್ಪತ್ತು ನಿಮಿಷ ಬಿಡೋದಕ್ಕಿಂತ ಬೆಳಗಿನ ಜಾವ ಹತ್ತು ನಿಮಿಷ, ಅರ್ಧ ಗಂಟೆ ಬಿಟ್ಟು ಮತ್ತೆ ಹತ್ತು ನಿಮಿಷ ಕೊಟ್ಟರೆ ಮಣ್ಣಿಗೆ ಚೆನ್ನಾಗಿ ಇಳಿಯುತ್ತೆ. ಹವಾಮಾನ ಬದಲಾದಾಗ ಟೈಮರ್ ಕೂಡ ಬದಲಾಗಬೇಕು, ಅದು ತಾನಾಗಿ ಆಗೋದಲ್ಲ.

ನಿರ್ವಹಣೆಯ ವಿಷಯ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು, ಎಂಡ್ ಕ್ಯಾಪ್ ಬಿಚ್ಚಿ, ನೀರು ತಿಳಿಯಾಗುವ ತನಕ ಹರಿಯಬಿಡಿ. ಡ್ರಿಪ್ಪರ್ ಬಾಯಲ್ಲಿ ಬಿಳಿ ಕಲೆ ಗಟ್ಟಿಯಾಗಿದ್ದರೆ ಗಡಸು ನೀರಿನ ಸುಣ್ಣ. ಕಿತ್ತು ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿದರೆ ಬಿಡುತ್ತೆ. ಹಸಿರು ಲೋಳೆ ಕಂಡರೆ ಎಲ್ಲೋ ಬೆಳಕು ಒಳಗೆ ಹೋಗ್ತಿದೆ: ಪಾರದರ್ಶಕ ಟ್ಯೂಬು ತೆಗೆದು ಕಪ್ಪಿನದು ಹಾಕಿ, ಟ್ಯಾಂಕಿನ ಮುಚ್ಚಳ ನೋಡಿ. ಗೊಬ್ಬರವನ್ನು ಲೈನಿನಲ್ಲೇ ಬಿಡೋ ಆಸೆ ಇದ್ದರೆ ಪೂರ್ತಿ ಕರಗುವಂಥದ್ದು ಮಾತ್ರ, ಕ್ಯಾಲ್ಸಿಯಂ ಇರೋದನ್ನೂ ಫಾಸ್ಫೇಟ್ ಇರೋದನ್ನೂ ಒಟ್ಟಿಗೆ ಬೆರೆಸಲೇಬೇಡಿ. ಎರಡೂ ಸೇರಿ ಬಿಳಿ ಗಸಿಯಾಗಿ ಡ್ರಿಪ್ಪರ್ ಕಟ್ಟಿಬಿಡುತ್ತೆ. ನಾನು ಗೊಬ್ಬರವನ್ನು ಕೈಯಲ್ಲೇ ಕೊಡ್ತೀನಿ.

ಬ್ಯಾಟರಿ ಬಗ್ಗೆ ಗೊತ್ತಿರಲಿ: ಈ ವಾಲ್ವ್‌ಗಳಿಗೆ ತೆರೆಯಲೂ ಕರೆಂಟ್ ಬೇಕು, ಮುಚ್ಚಲೂ ಬೇಕು. ತೆರೆದಿರುವಾಗ ಬ್ಯಾಟರಿ ಸತ್ತರೆ ತೆರೆದೇ ಉಳಿಯಬಹುದು. ಬ್ಯಾಟರಿ ಇಳಿದಾಗ ತಾನೇ ಮುಚ್ಚಿಕೊಳ್ಳುವ ಮಾದರಿಗಳಿವೆ, ಸಿಕ್ಕರೆ ಅದನ್ನೇ ಆರಿಸಿ. ದೂರ ಹೋಗುವ ಮುನ್ನ ಹೊಸ ಬ್ಯಾಟರಿ ಹಾಕಿ, ಆದರೆ ಹೊರಡುವ ದಿನ ಬೇಡ. ಒಂದು ವಾರ ಮುಂಚೆ ಹಾಕಿ, ಅಷ್ಟು ದಿನ ಕೈಯಿಂದ ನೀರು ಹಾಕದೆ ಬರೀ ಡ್ರಿಪ್ ಮೇಲೆ ಬಿಟ್ಟು ಗಿಡಗಳನ್ನು ಗಮನಿಸಿ.

ಸಾಧ್ಯವಾದರೆ ಮನೆಯ ಟ್ಯಾಂಕಿಗೆ ಜೋಡಿಸೋ ಬದಲು ಗಿಡಗಳಿಗೇ ಅಂತ ಒಂದು ಡ್ರಮ್ ಸ್ಟ್ಯಾಂಡ್ ಮೇಲೆ ಕೂರಿಸಿ. ಭರ್ತಿಯಾದಾಗ ಅದರ ಭಾರ ಟೆರೇಸ್ ತಡೆಯುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಕುಂಡಕ್ಕೆ ದಿನಕ್ಕೆ ಅರ್ಧ ಲೀಟರ್ ಅಂದರೂ ಮೂವತ್ತು ಕುಂಡಕ್ಕೆ 15 ಲೀಟರ್, ಹತ್ತು ದಿನಕ್ಕೆ 150 ಲೀಟರ್. 200 ಲೀಟರ್ ಡ್ರಮ್ ಸಾಕು. ವಾಲ್ವ್ ಕೈಕೊಟ್ಟರೂ ಹೋಗೋದು ಆ ಡ್ರಮ್ಮಿನ ನೀರು ಮಾತ್ರ.