‘ನೋಡೋಣ ಅಕ್ಕ, ಸೀಸನ್ ಮುಗೀಲಿ’

ಮಂಡಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಲೆಕ್ಕದಕ್ಕ’ ಅಂತ. ನಾನೂ ಇಲ್ಲಿ ಅಕ್ಕ ಅಂತಲೇ ಬರೆಯುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಎಲ್ಲ ಕಡೆ ಅಡಿಕೆ ಮಂಡಿಗಳಿವೆ. ಇದು ಯಾವ ಊರಿನದ್ದು ಅನ್ನುವುದು ಬೇಡ.

ಅಕ್ಕನಿಗೆ ನಲವತ್ತರ ಹತ್ತಿರ ವಯಸ್ಸು. ಬಿ.ಕಾಂ. ಓದಿದವರು, ಈ ಮಂಡಿ ಸೇರಿ ಹನ್ನೊಂದು ವರ್ಷ. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದದ್ದು ಸಂಬಳದ ವಿಷಯಕ್ಕಲ್ಲ. ಎದೆ ಉರಿ, ನಡುರಾತ್ರಿ ಎಚ್ಚರ, ಮನೆಯಲ್ಲಿ ಸಣ್ಣದಕ್ಕೂ ರೇಗಾಟ. ಡಾಕ್ಟರು ರಕ್ತ, ಇಸಿಜಿ, ಥೈರಾಯ್ಡ್ ಎಲ್ಲ ನೋಡಿಸಿ, ದೇಹದಲ್ಲಿ ತೊಂದರೆ ಕಾಣುತ್ತಿಲ್ಲ, ಒಮ್ಮೆ ಆಪ್ತಸಲಹೆಗೆ ಹೋಗಿ ಬನ್ನಿ ಅಂದಿದ್ದರು. ಯುಗಾದಿ ಕಳೆದ ಮೇಲೆ ಬಂದರು. ಮೊದಲ ಭೇಟಿಯಲ್ಲಿ ಅರ್ಧ ಗಂಟೆ ಮಗನ ಪರೀಕ್ಷೆ, ಅತ್ತೆಯ ಸೊಂಟನೋವು, ಇದೇ ಮಾತು. ನಡುವೆ ಮಂಡಿಯಿಂದ ಫೋನ್ ಬಂತು. ಫೋನ್ ಸದ್ದಿಗೇ ಅವರ ಎರಡೂ ಭುಜ ಮೇಲೆ ಹೋದವು, ಮಾತು ಮುಗಿಯುವ ತನಕ ಕೆಳಗೆ ಇಳಿಯಲಿಲ್ಲ. ಆಗ ನಾನು ಕೇಳಿದೆ, “ಕೆಲಸ ಹೇಗಿದೆ?”

ಅಲ್ಲಿಂದ ಮಾತು ನಿಲ್ಲಲಿಲ್ಲ.

ದೊಡ್ಡ ಯಜಮಾನರ ಕಾಲದಲ್ಲಿ ಲೆಕ್ಕ ಬರೆಯುವುದಕ್ಕೆ ಮೂವರಿದ್ದರು. ಬೆಳೆಗಾರರು ತಂದ ರಾಶಿ, ಬೆಟ್ಟೆ, ಗೊರಬಲು, ಹೀಗೆ ಬಗೆಬಗೆಯ ಅಡಿಕೆಯ ತೂಕದ ಚೀಟಿ ನೋಡಿ ಖಾತೆಗೆ ಹಾಕುವುದು, ಮುಂಗಡ ಕೊಟ್ಟದ್ದು ಮುರಿದುಕೊಳ್ಳುವುದು, ಮಾರಾಟದ ಪಟ್ಟಿ ಮಾಡಿ ಕೊಡುವುದು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ತಿಂಗಳ 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು, ಲಾರಿ ಹೊರಟರೆ ಸರಕಿನ ಜೊತೆ ಇರಬೇಕಾದ ಆನ್‌ಲೈನ್ ಪತ್ರ, ಅಂದರೆ ಇ-ವೇ ಬಿಲ್. ಎಲ್ಲವನ್ನೂ ಅಕ್ಕ ತಾವೇ ಕೂತು ಕಲಿತರು. ಮೂರು ವರ್ಷದ ಹಿಂದೆ ದೊಡ್ಡ ಯಜಮಾನರ ಮಗ ಬೆಂಗಳೂರಿನಿಂದ ವಾಪಸ್ ಬಂದು ವ್ಯವಹಾರ ವಹಿಸಿಕೊಂಡರು. ಇಬ್ಬರು ಗುಮಾಸ್ತರು ಬಿಟ್ಟು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ದಿನಾ ಸಂಜೆ ಬೆಳೆಗಾರರಿಗೆ ವಾಟ್ಸ್ಯಾಪ್‌ನಲ್ಲಿ ದರ ಕಳಿಸುವ ಕೆಲಸವೂ ಸೇರಿಕೊಂಡಿತು. ಸಂಬಳ ಹದಿನೈದು ಸಾವಿರ. ಪ್ರತಿ ಆಯುಧಪೂಜೆಗೆ ಐನೂರು ಜಾಸ್ತಿ, ಜೊತೆಗೊಂದು ಸೀರೆ.

ಈ ಸಣ್ಣ ಯಜಮಾನರು ಪಿಯುಸಿ ಓದುವಾಗ ಅಕೌಂಟೆನ್ಸಿ ಹೇಳಿಕೊಟ್ಟವರು ಇದೇ ಅಕ್ಕ. ಅವತ್ತಿನಿಂದಲೂ ಅವರು “ಅಕ್ಕಾ” ಅಂತಲೇ ಕರೆಯುವುದು. ಅಕ್ಕ ಮಾತ್ರ ಅವರು ಗಾದಿಯಲ್ಲಿ ಕೂತ ದಿನದಿಂದ ‘ನೀನು’ ಬಿಟ್ಟು ‘ನೀವು’ ಶುರು ಮಾಡಿದರು.

“ಸಂಬಳದ ಬಗ್ಗೆ ಕೇಳಿದ್ದೀರಾ?” ಅಂದೆ.

“ಕೇಳಿದೀನಲ್ಲ ಮೇಡಂ, ಎರಡು ಸಲ.”

ಹೇಗೆ ಕೇಳಿದಿರಿ, ಯಾವ ಮಾತಿನಲ್ಲಿ, ಅವರು ಆಗ ಏನು ಮಾಡುತ್ತಿದ್ದರು ಅಂತ ಬಿಡಿಸಿ ಕೇಳಿದೆ. ಒಂದು ಸಲ ಸಣ್ಣ ಯಜಮಾನರು ಕಾರು ಹತ್ತುವಾಗ: “ಸಂಬಳದ್ದೊಂದು ಮಾತಾಡೋದಿತ್ತು...” ಅವರು ಗಾಜು ಇಳಿಸಿ, “ನೋಡೋಣ ಅಕ್ಕ, ಸೀಸನ್ ಮುಗೀಲಿ” ಅಂದು ಹೋದರು. ಇನ್ನೊಂದು ಸಲ ಟೆಂಡರ್ ದಿನ, ಖರೀದಿದಾರರು ಎದುರಿಗೇ ಕೂತಿದ್ದಾಗ. ಆಗ ಸಿಕ್ಕ ಉತ್ತರ, “ರೇಟು ಬಿದ್ದಿದೆ, ನೋಡ್ತಿದೀರಲ್ಲ.” ಎರಡೂ ಸಲ ಎಷ್ಟು ಬೇಕು ಅನ್ನುವ ಅಂಕಿ ಅಕ್ಕನ ಬಾಯಿಂದ ಬಂದಿರಲಿಲ್ಲ. ಕೆಲಸ ಜಾಸ್ತಿಯಾಗಿದೆ ಅನ್ನುವುದೂ ಬಂದಿರಲಿಲ್ಲ.

ಆಮೇಲೆ ಅಕ್ಕ ಮಾತು ಕಡಿಮೆ ಮಾಡಿದರು. ಕೇಳಿದ್ದಕ್ಕೆ ಮಾತ್ರ ಉತ್ತರ. ಆ ಸಿಟ್ಟಿನಲ್ಲೇ ಒಂದು ಸಂಜೆ ಇ-ವೇ ಬಿಲ್‌ನಲ್ಲಿ ಲಾರಿ ನಂಬರಿನ ಒಂದು ಅಂಕಿ ತಪ್ಪಾಯಿತು. ಇಂಥ ಸಣ್ಣ ತಪ್ಪಿಗೆ ದಂಡ ಹೆಚ್ಚೇನಿಲ್ಲ, ಸಾವಿರ ರೂಪಾಯಿ. ಆದರೆ ಉತ್ತರ ಭಾರತದ ಕಡೆ ಹೊರಟ ಲಾರಿ ರಾತ್ರಿಯಿಡೀ ದಾರಿಯಲ್ಲಿ ನಿಂತಿತು. ಮರುದಿನ ಸಣ್ಣ ಯಜಮಾನರು ಹಮಾಲರ ಎದುರಿಗೇ ದನಿ ಎತ್ತಿದರು. ಎದೆ ಉರಿ ಶುರುವಾದದ್ದು ಆ ವಾರ.

“ಅವರಿಗೆ ನಾನು ಲೆಕ್ಕಕ್ಕೇ ಇಲ್ಲ” ಅಂದರು ಅಕ್ಕ. ನಾನು ಒಂದು ಹಾಳೆ ಕೊಟ್ಟು, ಎಡಕ್ಕೆ ಯಜಮಾನರು ಬಾಯಿಬಿಟ್ಟು ಹೇಳಿದ ಮಾತು, ಬಲಕ್ಕೆ ಅದರಿಂದ ನಿಮಗೆ ಅನಿಸಿದ್ದು ಬರೆಯಿರಿ ಅಂದೆ. ಎಡಕ್ಕೆ ಬಂದದ್ದು ಮೂರೇ ಸಾಲು. ಬಲಭಾಗ ತುಂಬಿ ಹಾಳೆಯ ಹಿಂದಕ್ಕೂ ಹೋಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ 1960ರ ದಶಕದಿಂದ ಬೆಳೆಸಿದ ಕ್ರಮವೊಂದಿದೆ. ಕಂಡದ್ದು, ಅನಿಸಿದ್ದು, ಬೇಕಾದದ್ದು, ಕೇಳಿಕೊಳ್ಳುವುದು, ಈ ನಾಲ್ಕನ್ನೂ ಬೇರೆ ಬೇರೆ ಇಟ್ಟು ಮಾತಾಡಬೇಕು ಅನ್ನುವುದು ಅದರ ಸಾರ. ನಾನು ಇದನ್ನು ತುಂಬಾ ಬಳಸುತ್ತೇನೆ. ಆದರೆ ನಮ್ಮ ಮಲೆನಾಡಿನ ಮಂಡಿಯಲ್ಲಿ, ಯಜಮಾನರ ಎದುರು ಕೂತು ‘ನನಗೆ ಹೀಗನಿಸಿತು’ ಅಂತ ಶುರು ಮಾಡಿದರೆ ಇಬ್ಬರಿಗೂ ಮುಜುಗರ, ಮಾತು ಅಲ್ಲೇ ಅಡ್ಡದಾರಿ ಹಿಡಿಯುತ್ತದೆ. ಅನಿಸಿದ್ದನ್ನು ನನ್ನ ಎದುರು, ಗಂಡನ ಎದುರು ಪೂರ್ತಿ ಹೇಳಿಕೊಳ್ಳಲಿ. ಗಾದಿಯ ಎದುರು ಕಂಡದ್ದು ಮತ್ತು ಬೇಕಾದದ್ದು, ಇಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಎರಡನೇ ಭೇಟಿಯಲ್ಲಿ ನಿಜವಾದ ಗಂಟು ಸಿಕ್ಕಿತು. ಐದು ವರ್ಷದ ಹಿಂದೆ ಮಾವನಿಗೆ ಮಣಿಪಾಲದಲ್ಲಿ ಆಪರೇಷನ್ ಆಗಬೇಕಿತ್ತು. ದೊಡ್ಡ ಯಜಮಾನರು ಒಂದು ಮಾತೂ ಕೇಳದೆ ತೊಂಬತ್ತು ಸಾವಿರ ಕೊಟ್ಟರು. ಬಡ್ಡಿ ಇಲ್ಲ, ಪತ್ರ ಇಲ್ಲ. ತಿಂಗಳಿಗೆ ಸಾವಿರದೈನೂರು ಸಂಬಳದಲ್ಲಿ ಮುರಿದು, ಅದು ಪೂರ್ತಿ ತೀರಿತು. “ಆದ್ರೂ ಮೇಡಂ, ಆ ಮನೆ ಋಣ ಉಂಡವಳು ನಾನು. ಹೋಗಿ ದುಡ್ಡಿನ ವಿಷಯ ಎತ್ತಲಿಕ್ಕೆ ಎಂತ ಮುಖ ಇಟ್ಕೊಂಡು ಹೋಗದು?” ಅಂದಾಗ ಅಕ್ಕನ ಕಣ್ಣು ತುಂಬಿತ್ತು.

ಇದು ಅಕ್ಕ ಒಬ್ಬರ ಕಷ್ಟ ಅಲ್ಲ. ನಮ್ಮ ಕಡೆ ಮಂಡಿ, ಎಸ್ಟೇಟು, ಬಟ್ಟೆ ಅಂಗಡಿ, ನರ್ಸಿಂಗ್ ಹೋಮ್, ಎಲ್ಲ ಕಡೆಯಿಂದಲೂ ಇಂಥವರು ಬರುತ್ತಾರೆ. ಮದುವೆಗೆ, ಆಸ್ಪತ್ರೆಗೆ, ಮಕ್ಕಳ ಫೀಸಿಗೆ ಯಜಮಾನರು ಕೈ ಹಿಡಿದಿರುತ್ತಾರೆ. ಅದು ದೊಡ್ಡ ಗುಣ, ನಾನು ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಕೃತಜ್ಞತೆ ಬಾಯಿ ಕಟ್ಟಿದರೆ ಆ ಪ್ರೀತಿಯೇ ಒಳಗೊಳಗೆ ಕಹಿಯಾಗುತ್ತದೆ. ಅಕ್ಕನಿಗೆ ಅವರ ಕೆಲಸದ ಮಾತಲ್ಲೇ ಹೇಳಿದೆ: “ಬೆಳೆಗಾರರ ಮುಂಗಡದ ಖಾತೆಯಲ್ಲಿ ಹಮಾಲರ ಕೂಲಿ ಬರೀತೀರಾ? ಇಲ್ಲ ಅಲ್ವಾ? ಆ ತೊಂಬತ್ತು ಸಾವಿರದ ಖಾತೆ ಬೇರೆ, ಅದು ಚುಕ್ತಾ ಆಗಿದೆ. ಉಪಕಾರ ನೆನಪಿರಲಿ. ಸಂಬಳದ ಖಾತೆ ಬೇರೆ.” ಅಕ್ಕ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಪೆನ್ನು ಕೇಳಿ, “ಹಾಗಾದ್ರೆ ಎಷ್ಟು ಕೇಳ್ಬೋದು?” ಅಂದರು.

ಅಂಕಿಗೆ ಮುಂಚೆ ಒಂದು ಮನೆಗೆಲಸ ಕೊಟ್ಟೆ. ಎರಡು ವಾರ ಒಂದು ಸಣ್ಣ ಪುಸ್ತಕದಲ್ಲಿ ಯಾವ ಕೆಲಸ, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಿತು ಅಂತ ಬರೆಯುವುದು. ಸಿಟ್ಟು, ದೂರು ಏನೂ ಬರೆಯುವುದು ಬೇಡ. ಆ ಪುಸ್ತಕ ಈ ಪ್ರಕರಣದ ದಿಕ್ಕು ಬದಲಿಸಿತು. ಅಕ್ಕನ ಲೆಕ್ಕದಲ್ಲಿ ತಡವಾಗುತ್ತಿದ್ದದ್ದು ಕೆಲಸ ಜಾಸ್ತಿ ಅಂತ. ಪುಸ್ತಕ ನೋಡಿದರೆ ಮಧ್ಯಾಹ್ನ ಮೂರರಿಂದ ಐದೂವರೆ ತನಕ ಹೆಚ್ಚಿನ ದಿನ ಕೆಲಸ ತೆಳು. ಗೋದಾಮಿನವನು ತೂಕದ ಚೀಟಿಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗೆ ತಂದು ಮೇಜಿನ ಮೇಲೆ ಇಡುತ್ತಿದ್ದದ್ದು ಆರು ಗಂಟೆಗೆ. ಬೆವರಿಗೆ ಒದ್ದೆಯಾಗಿ ಅಂಟಿಕೊಂಡ ಚೀಟಿ, ಪೆನ್ಸಿಲ್ ಅಳಿಸಿದ ಅಂಕಿ. ಅದನ್ನು ಬಿಡಿಸಿ, ಓದಲಾಗದ್ದಕ್ಕೆ ಗೋದಾಮಿಗೆ ಫೋನ್ ಮಾಡಿ, ಖಾತೆಗೆ ಹಾಕುವಷ್ಟರಲ್ಲಿ ಏಳೂಕಾಲರ ಬಸ್ಸು ಹೋಗಿರುತ್ತಿತ್ತು. ಆಮೇಲೆ ಗಂಡ ಬೈಕ್ ತಗೊಂಡು ಬರಬೇಕು. ಮನೆಯಲ್ಲಿ ಜಗಳ ಅಲ್ಲಿಂದಲೇ.

ಅಂದರೆ ಯಜಮಾನರಿಗೆ ಒಂದು ಪೈಸೆ ಖರ್ಚಿಲ್ಲದೆ ಕೇಳಬಹುದಾದ ಒಂದು ವಿಷಯ ಸಿಕ್ಕಿತು. ಮಾತುಕತೆಗೆ ಕೂರುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ನಿಮಗೆ ಬೇಕಾದದ್ದರಲ್ಲಿ ಎದುರಿನವರಿಗೂ ಲಾಭವಿರುವ ಭಾಗ ಯಾವುದು ಅಂತ ಮೊದಲು ಹುಡುಕಿ. ಚೀಟಿ ಬೇಗ ಬಂದರೆ ಪಟ್ಟಿ ಅವತ್ತೇ ಬೆಳೆಗಾರರ ಕೈ ಸೇರುತ್ತದೆ, ಇ-ವೇ ಬಿಲ್ ಅವಸರದಲ್ಲಿ ಆಗುವುದಿಲ್ಲ.

ಅಂಕಿಯ ವಿಷಯಕ್ಕೆ, ಹೊರಗೆ ವಿಚಾರಿಸಿ ಅಂದೆ. ಅದೇ ಊರಿನ ಒಬ್ಬ ತೆರಿಗೆ ಸಲಹೆಗಾರರು, ಬಂದರೆ ಹದಿನೆಂಟು ಸಾವಿರ ಕೊಡುತ್ತೇನೆ ಅಂದರು. ಅಕ್ಕನಿಗೆ ಮಂಡಿ ಬಿಡುವ ಮನಸ್ಸಿರಲಿಲ್ಲ. ಆದರೂ ಇನ್ನೊಂದು ಬಾಗಿಲಿದೆ ಅಂತ ತಿಳಿದ ಮೇಲೆ ಅವರು ಕೂರುವ ರೀತಿಯೇ ಬೇರೆಯಾಯಿತು. ಇದನ್ನು ಯಜಮಾನರ ಎದುರು ಝಳಪಿಸುವುದು ಬೇಡ, ಅವರಾಗಿ ಕೇಳಿದರೆ ಮುಚ್ಚಿಡುವುದೂ ಬೇಡ ಅಂತ ಮಾತಾಯಿತು. ಅಕ್ಕನ ಗಂಡ ಬೇರೆಯೇ ಸಲಹೆ ಕೊಟ್ಟಿದ್ದರು: ಸೀಸನ್ನಿನ ಮಧ್ಯದಲ್ಲಿ ಎರಡು ದಿನ ರಜೆ ಹಾಕು, ತಾವಾಗಿ ದಾರಿಗೆ ಬರ್ತಾರೆ. ದುಡ್ಡು ಸಿಗುತ್ತಿತ್ತೇನೋ. ಆದರೆ ದಿನಾ ಮುಖ ನೋಡಬೇಕಾದವರನ್ನು ಕತ್ತು ಹಿಡಿದು ಒಪ್ಪಿಸಿದರೆ ಆ ಒಪ್ಪಿಗೆ ಮುಂದಿನ ಸೀಸನ್ ತನಕ ಬಾಳುವುದಿಲ್ಲ. ಹಾಗಾಗಿ ಮಳೆ ಹಿಡಿದು ಆವಕ ಕಡಿಮೆಯಾಗುವ ಜೂನ್ ತಿಂಗಳು, ರಿಟರ್ನ್ ಕಟ್ಟುವ ದಿನ ಬಿಟ್ಟು, ಮೊದಲೇ ಹೇಳಿ ಸಮಯ ತಗೊಳ್ಳುವುದು ಅಂತ ತೀರ್ಮಾನವಾಯಿತು.

ಒಮ್ಮೆ ನಾನೇ ಯಜಮಾನರ ಪಾತ್ರ ಮಾಡಿದೆ. ಅಕ್ಕ “ತಪ್ಪು ತಿಳ್ಕೋಬೇಡಿ” ಅಂತ ಶುರು ಮಾಡಿ, ನಡುವೆ ಇನ್ನೆರಡು ಸಲ ಅದನ್ನೇ ಹೇಳಿ, ಕೊನೆಗೆ “ಆಗದಿದ್ರೂ ಪರ್ವಾಗಿಲ್ಲ” ಅಂತ ಮುಗಿಸಿದರು. ಆ ಕೊನೆಯ ಮಾತು ಕೇಳಿದ ಯಾವ ಮಾಲೀಕರೂ ಸಂಬಳ ಜಾಸ್ತಿ ಮಾಡಬೇಕಾಗಿಲ್ಲ. ಅದನ್ನು ತೆಗೆಸಿದೆ. ಅಂಕಿ ಹೇಳಿದ ಮೇಲೆ ಬಾಯಿ ಮುಚ್ಚಿ ಕಾಯುವುದನ್ನು ಅಭ್ಯಾಸ ಮಾಡಿಸಿದೆ. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಆ ಮೌನ ತುಂಬಲು ಅಕ್ಕನಿಗೆ ತಾವೇ ಕಡಿಮೆ ಮಾಡಿಬಿಡುವ ಆಸೆ.

ಜೂನ್‌ನಲ್ಲಿ ನಡೆದದ್ದನ್ನು ಅಕ್ಕ ಹೇಳಿದ ಹಾಗೆ ಬರೆಯುತ್ತೇನೆ. ಹಿಂದಿನ ದಿನವೇ, “ನಾಳೆ ಮಧ್ಯಾಹ್ನ ಅರ್ಧ ಗಂಟೆ ಬೇಕು, ಕೆಲಸದ ವಿಷಯ” ಅಂದಿದ್ದರು. ಕೂತ ಕೂಡಲೇ ಪುಸ್ತಕ ಮುಂದಿಟ್ಟರು. “ಮೊದಲು ಮೂವರು ಮಾಡ್ತಿದ್ದ ಕೆಲಸ, ಜಿಎಸ್‌ಟಿ, ವಾಟ್ಸ್ಯಾಪ್ ದರ, ಈಗ ನನ್ನೊಬ್ಬಳ ಮೇಲಿದೆ. ನನಗೆ ಮೂರು ವಿಷಯ ಬೇಕು. ಚೀಟಿ ನಾಲ್ಕೂವರೆಗೆ ಒಂದು ಕಂತು ಬರಲಿ. ರಾತ್ರಿ ಎಂಟರ ಮೇಲೆ ಲಾರಿ ನಿಂತ್ರೆ ಮಾತ್ರ ಫೋನ್ ಮಾಡಿ. ಸಂಬಳ ಇಪ್ಪತ್ತು ಸಾವಿರ ಮಾಡ್ಬೇಕು.”

ಸಣ್ಣ ಯಜಮಾನರು ಪುಸ್ತಕ ತಿರುಗಿಸಿ ನೋಡಿದರು. “ಇದೆಲ್ಲ ಬರೆದಿಟ್ಟಿದೀರಾ?” ದನಿಯಲ್ಲಿ ಸ್ವಲ್ಪ ಬೇಸರವಿತ್ತು. ಅಕ್ಕ ಸುಮ್ಮನಿದ್ದರು. “ಹದಿನಾರೂವರೆ ಮಾಡ್ತೀನಿ.” ಅಕ್ಕ, “ಅಷ್ಟಕ್ಕೆ ನನಗೆ ಕಷ್ಟ” ಅಂದರು, ಮತ್ತೆ ಸುಮ್ಮನಾದರು. ಕೊನೆಗೆ ಜುಲೈಯಿಂದ ಹದಿನೆಂಟೂವರೆ ಅಂತಾಯಿತು. ಚೀಟಿಯ ವಿಷಯ ಎರಡೇ ನಿಮಿಷ, ಅಲ್ಲೇ ಗೋದಾಮಿಗೆ ಫೋನ್ ಮಾಡಿ ಹೇಳಿದರು. ಇನ್ನೊಬ್ಬ ಸಹಾಯಕ ಬೇಕು ಅಂದಾಗ ಹಳೆಯ ಉತ್ತರವೇ, ದೀಪಾವಳಿ ಆಗ್ಲಿ ನೋಡೋಣ. “ದೀಪಾವಳಿ ಆಗಿ ಯಾವ ವಾರ ಕೂರೋಣ?” ಅಂತ ಅಕ್ಕ ಕೇಳಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿದರು. ಹಮಾಲರ ಎದುರು ಬೈದ ವಿಷಯವನ್ನೂ ಕೊನೆಗೆ ಹೇಳಿದರು: “ತಪ್ಪಾದ್ರೆ ಒಳಗೆ ಕರೆದು ಹೇಳಿ.” ಅವರು ಆಯಿತು ಅಂದರು. ಕ್ಷಮೆ ಕೇಳಲಿಲ್ಲ.

ಆಮೇಲೆ ಒಂದಷ್ಟು ದಿನ ಮಂಡಿಯಲ್ಲಿ ಬಿಗುವಿತ್ತು. “ಅಕ್ಕಾ” ಹೋಗಿ “ರೀ, ಇದು ನೋಡಿ” ಆಗಿತ್ತು. ಅಕ್ಕ ಹೆದರಿ ಫೋನ್ ಮಾಡಿದರು. ಏನೂ ಮಾಡಬೇಡಿ, ಹಿಂದೆ ಸರಿಯಬೇಡಿ, ಕೆಲಸ ಮಾಮೂಲಿನಂತೆ ಚೆನ್ನಾಗಿ ಮಾಡಿ ಅಂದೆ. ಮೊದಲ ಸಲ ಬೇಡಿಕೆ ಕೇಳಿಸಿಕೊಂಡವರಿಗೂ ಅದನ್ನು ಅರಗಿಸಿಕೊಳ್ಳಲು ಸಮಯ ಬೇಕು. ಸಂಬಂಧ ಹದಕ್ಕೆ ಬರುವ ಮುಂಚೆಯೇ ಗಾಬರಿಯಾಗಿ, ಹೋಗಲಿ ಬಿಡಿ ಅಂದು ಎಲ್ಲ ಬಿಟ್ಟುಕೊಟ್ಟವರನ್ನು ಕಂಡಿದ್ದೇನೆ. ಅಕ್ಕ ತಡೆದುಕೊಂಡರು.

ಕಾಯ್ದೆಯ ಬಗ್ಗೆಯೂ ಅಕ್ಕನಿಗೆ ತಿಳಿಸಿದ್ದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಹೆಚ್ಚುವರಿ ಹೊತ್ತಿನ ಕೆಲಸಕ್ಕೆ ದುಪ್ಪಟ್ಟು ಕೂಲಿ, ವಾರಕ್ಕೊಂದು ರಜೆ ಅದರಲ್ಲೇ ಇದೆ. ಮೊದಲ ಮಾತಿಗೇ ಕಾಯ್ದೆ ಎತ್ತಿದರೆ ಎದುರಿನವರು ವಕೀಲರ ಹತ್ತಿರ ಓಡುತ್ತಾರೆ. ಆದರೆ ನಿಮ್ಮ ಬೇಡಿಕೆ ಭಿಕ್ಷೆ ಅಲ್ಲ ಅಂತ ನಿಮಗೇ ಧೈರ್ಯ ಬರಲು ಅದು ಗೊತ್ತಿರಬೇಕು. ಮಾತು ಪೂರ್ತಿ ಮುರಿದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರ ಬಳಿ ಹೋಗಬಹುದು.

ಇದನ್ನು ಓದುವ ಮಾಲೀಕರಿಗೂ ಒಂದು ಮಾತು. ವರ್ಷಗಟ್ಟಲೆ ಜೊತೆಗಿದ್ದವರು ಕಾರಿನ ಬಾಗಿಲ ಹತ್ತಿರ ನಿಂತು ಅರ್ಧ ವಾಕ್ಯ ಹೇಳಿದರೆ, ಅದರ ಹಿಂದೆ ಎಷ್ಟೋ ತಿಂಗಳ ಮಾತು ಇರುತ್ತದೆ. ‘ನೋಡೋಣ’ ಅನ್ನುವುದಾದರೆ ಯಾವತ್ತು ಅಂತಲೂ ಹೇಳಿ. ಆಗುವುದಿಲ್ಲ ಅಂದರೆ ಅದನ್ನೇ ನೇರ ಹೇಳಿ. ಅಕ್ಕನಂಥವರು ‘ಇಲ್ಲ’ ಅನ್ನುವುದನ್ನು ತಡೆದುಕೊಳ್ಳುತ್ತಾರೆ, ಉತ್ತರವೇ ಸಿಗದಿದ್ದರೆ ಕುಗ್ಗಿಹೋಗುತ್ತಾರೆ.

ಎದೆ ಉರಿ ಈಗ ಕಡಿಮೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಅದಕ್ಕೆ ಅಕ್ಕ ಬರುತ್ತಾ ಇದ್ದಾರೆ. ಕೆಲಸದ ಚಿಂತೆಯಿಂದ ನಿದ್ದೆ ಕೆಟ್ಟವರು, ಶಿವಮೊಗ್ಗದ ತನಕ ಬರಲಾಗದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.