ಟಯರ್ ಪಾಲಿಶ್ ಬಾಗಿಲಿಗೆ ಹಾರುವುದು ಯಾಕೆ?

ಪಿಕಪ್‌ನ ದಪ್ಪ ಬಟನ್ ಟಯರಿಗೆ (ಉಬ್ಬು ಗುಂಡಿಗಳಿರುವ ಟಯರು) ಪಾಲಿಶ್ ಹಚ್ಚಿ ಹೊರಟರೆ ಬಾಗಿಲಿಗೆಲ್ಲ ಕಪ್ಪು ಚುಕ್ಕೆ ಹಾರುತ್ತದೆ ಅಂದಿರಲ್ಲ, ಹೆಚ್ಚಾಗಿ ಅದು ಜಾಸ್ತಿ ಹಚ್ಚಿದ್ದರಿಂದ. ಅಂಚಿನ ಸಂದಿಗಳಲ್ಲಿ ಕೂತ ಪಾಲಿಶ್ ಚಕ್ರ ತಿರುಗಿದಾಗ ಚಿಮ್ಮುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೆಂಪು ಧೂಳು ಬೇರೆ ಅದಕ್ಕೆ ಅಂಟಿಕೊಳ್ಳುತ್ತದೆ!

ಮೊದಲು ಸೋಪು ನೀರು ಹಾಕಿ, ಕಂದು ನೊರೆ ಬೆಳ್ಳಗಾಗುವವರೆಗೆ ಬ್ರಶ್ಶಿನಲ್ಲಿ ತಿಕ್ಕಿ. ಪೂರ್ತಿ ಒಣಗಲಿ. ನೇರ ಸ್ಪ್ರೇ ಹೊಡೆಯಬೇಡಿ, ಸ್ಪಂಜಿಗೆ ಸ್ವಲ್ಪ ಹಾಕಿ ತೆಳ್ಳಗೆ ಸವರಿ. ಸಂದಿಗಳಿಗೆ ಹಳೆ ಪೇಂಟ್ ಬ್ರಶ್ ಸಾಕು. 10-15 ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ಒತ್ತಿ ಒರೆಸಿ. ನಾನು ಸೋಮಾರಿತನಕ್ಕೆ ಇದೊಂದನ್ನು ಬಿಟ್ಟು, ಬಿಳಿ ಗಾಡಿಯನ್ನು ಚಿರತೆ ಮಾಡಿಕೊಂಡಿದ್ದೆ. ರಾತ್ರಿ ಹಚ್ಚಿ ಬೆಳಗ್ಗೆ ಹೊರಟರೆ ಇನ್ನೂ ಒಳ್ಳೇದು. ರಸ್ತೆಗೆ ತಾಗುವ ಭಾಗಕ್ಕೆ ಮಾತ್ರ ಹಚ್ಚಲೇಬೇಡಿ, ಜಾರುತ್ತದೆ.