ಕಂಪ್ಯೂಟರಿಗೆಂದು ಬರೆದ ಜಾವಾ ಪ್ರೋಗ್ರಾಂ ಹಳೆಯ ಕೀಪ್ಯಾಡ್ ಮೊಬೈಲಿನಲ್ಲಿ ಏಕೆ ಓಡುವುದಿಲ್ಲ?

ಎರಡರಲ್ಲಿಯೂ ಭಾಷೆ ಜಾವಾವೇ ಆದರೂ ಅದನ್ನು ನಡೆಸುವ ವ್ಯವಸ್ಥೆ ಬೇರೆಯಾಗಿರುವುದರಿಂದ ಓಡುವುದಿಲ್ಲ. ಕೀಪ್ಯಾಡ್ ಮೊಬೈಲುಗಳಲ್ಲಿ ಇದ್ದದ್ದು ಜೆ2ಎಂಇ ಎಂಬ ಕಿರಿದುಗೊಳಿಸಿದ ಜಾವಾ. ಅದರ ಬುನಾದಿಯಾದ ಸಿಎಲ್‌ಡಿಸಿ 1.0 ಎಂಬ ನಿಯಮಾವಳಿಯನ್ನು ಕೇವಲ 160 ಕಿಲೋಬೈಟ್ ಮೆಮೊರಿ ಇರುವ ಸಾಧನಗಳಿಗೂ ಹೊಂದುವಂತೆ ರೂಪಿಸಲಾಗಿತ್ತು. ಅಷ್ಟು ಇಕ್ಕಟ್ಟಿನಲ್ಲಿ ದಶಮಾಂಶ ಸಂಖ್ಯೆಗಳ ಲೆಕ್ಕಕ್ಕೂ ಅವಕಾಶವಿರಲಿಲ್ಲ, ಅದು ಬಂದದ್ದು 1.1ರಲ್ಲಿ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಯಾವುದೇ ಕ್ಲಾಸ್ ಕಡತವನ್ನು, ಅಂದರೆ ಬರೆದ ಜಾವಾ ಕೋಡನ್ನು ಓಡಿಸಲು ಸಿದ್ಧರೂಪಕ್ಕೆ ಪರಿವರ್ತಿಸಿದ ಕಡತವನ್ನು, ಓಡಿಸುವ ಮೊದಲು ಜಾವಾ ಅದು ಸುರಕ್ಷಿತವೇ ಎಂದು ಪರಿಶೀಲಿಸುತ್ತದೆ. ಈ ಕೆಲಸ ಪುಟ್ಟ ಮೊಬೈಲಿಗೆ ಹೊರೆಯಾಗುವುದರಿಂದ, ಅದರ ಹೆಚ್ಚಿನ ಪಾಲನ್ನು ಪ್ರೋಗ್ರಾಂ ಸಿದ್ಧಪಡಿಸುವ ಕಂಪ್ಯೂಟರಿನಲ್ಲಿಯೇ ಮುಗಿಸಿ, ಫಲಿತಾಂಶವನ್ನು ಟಿಪ್ಪಣಿಯಂತೆ ಕಡತದೊಳಗೆ ಬರೆದಿಡಲಾಗುತ್ತಿತ್ತು. ಮೊಬೈಲು ಆ ಟಿಪ್ಪಣಿಯನ್ನು ಕೋಡಿನೊಂದಿಗೆ ಒಮ್ಮೆ ತಾಳೆ ನೋಡಿದರೆ ಸಾಕಿತ್ತು. ಪ್ರಿವೆರಿಫಿಕೇಶನ್, ಅಂದರೆ ಪೂರ್ವಪರಿಶೀಲನೆ, ಎಂದು ಕರೆಯುವ ಈ ಉಪಾಯದ ಜಾಣ್ಮೆ ನನಗೆ ಇಂದಿಗೂ ಬಹಳ ಮೆಚ್ಚುಗೆಯಾಗುತ್ತದೆ. ಟಿಪ್ಪಣಿಯಿಲ್ಲದ ಸಾಮಾನ್ಯ ಕಡತವನ್ನು ಮೊಬೈಲು ತಿರಸ್ಕರಿಸುತ್ತದೆ.

ಜೊತೆಗೆ, ಕಂಪ್ಯೂಟರಿನ ಪ್ರೋಗ್ರಾಂ 'ಮೇನ್' ಎಂಬ ವಿಧಾನದಿಂದ (ಮೆಥಡ್, ಅಂದರೆ ಹೆಸರಿಟ್ಟ ಕೋಡಿನ ತುಣುಕು) ಆರಂಭವಾದರೆ, ಮೊಬೈಲು ಹುಡುಕುವುದು ಮಿಡ್ಲೆಟ್ ಎಂಬ ಕ್ಲಾಸಿನ 'ಸ್ಟಾರ್ಟ್‌ಆ್ಯಪ್' ವಿಧಾನವನ್ನು. ಕರೆ ಬಂದಾಗ ವಿರಾಮಗೊಳ್ಳಲು 'ಪಾಸ್‌ಆ್ಯಪ್' ಎಂಬುದನ್ನೂ ಅದರಲ್ಲಿ ಬರೆದಿರಲೇಬೇಕು.